ಮರಿ ಕುಡಿದು ಮಿಕ್ಕಿದ್ದು

"ಮೊದ್ಲು ಮರಿ ಕುಡೀಲಿ ತಡಿಯಪ್ಪ. ನಿನ್ ಪೋಟ ಎಲ್ಲಿಗೂ ಓಡೋಗಲ್ಲ."

ಅಜ್ಜಿ ಹೀಗೆಂದ ಮೇಲೆ ಕ್ಯಾಮೆರಾ ಕೆಳಗಿಳಿಸದೆ ವಿಧಿಯಿರಲಿಲ್ಲ. ಶಿರಾ ತಾಲ್ಲೂಕು, ಪಟ್ಟನಾಯಕನಹಳ್ಳಿಯ ಆಸುಪಾಸಿನ ಒಂದು ಗೊಲ್ಲರಹಟ್ಟಿ, ಬೆಳಗಿನ ಏಳು ಗಂಟೆ. ರೊಪ್ಪದ ಮೂಲೆಯಲ್ಲಿ ರಾತ್ರಿಯಷ್ಟೇ ಈದ ಬಿಳಿ ಆಡು. ಮೈ ಇನ್ನೂ ಪೂರ್ತಿ ಒಣಗದ ಮರಿ ಕೆಚ್ಚಲು ಸಿಗದೆ ತಾಯಿಯ ಮೊಣಕಾಲನ್ನೇ ಚೀಪುತ್ತಿತ್ತು. ಅಜ್ಜಿ ಅದರ ಮೂತಿ ಹಿಡಿದು ಮೊಲೆಗೆ ಹಚ್ಚಿದರು. ಬಾಲ ಪಟಪಟ ಬಡಿಯುತ್ತ ಕುಡಿದು, ಹೊಟ್ಟೆ ಬಿಗಿದು, ಮರಿ ತಾನಾಗಿ ಪಕ್ಕಕ್ಕೆ ಸರಿದ ಮೇಲೆಯೇ ಒಳಗಿಂದ ಸ್ಟೀಲಿನ ಚೊಂಬು ಬಂದದ್ದು. ಅದರೊಳಗೆ ಬಿದ್ದದ್ದು ಹಾಲಿನಂತಿರಲಿಲ್ಲ. ಹಳದಿ ಛಾಯೆ, ಜೇನಿನಂತೆ ಎಳೆ ಎಳೆ. ಕಾಲು ಲೀಟರೂ ಇದ್ದಿರಲಾರದು.

ನಾನು ಬರೆಯಹೊರಟಿದ್ದು ಮೇಕೆ ಹಾಲಿನ ಚೀಸಿನ ಬಗ್ಗೆ. ಬೆಂಗಳೂರಿನ ಅಂಗಡಿಗಳಲ್ಲಿ ಪುಟ್ಟ ಬಿಳಿ ಉರುಳೆಯಾಗಿ, ಪ್ಲಾಸ್ಟಿಕ್ ಸುತ್ತಿಕೊಂಡು, ಬೆಲೆ ನೋಡಿದವರನ್ನು ಹಿಂದಕ್ಕೆ ಸರಿಸುವ ಆ ಪದಾರ್ಥದ ಪೋಷಕಾಂಶ, ಅಡುಗೆ ಇತ್ಯಾದಿ. ಚೀಸಿಗೆ ಕನ್ನಡವೇನೆಂದು ನಿಘಂಟು ತೆರೆದರೆ 'ಗಿಣ್ಣು' ಎಂದಿತ್ತು. ನಿಘಂಟುಕಾರರು ಗಿಣ್ಣು ತಿಂದಿರಲಿಲ್ಲವೋ ಚೀಸ್ ತಿಂದಿರಲಿಲ್ಲವೋ! ಈ ಗೊಂದಲ ಕೇಳಿದ ಗೆಳೆಯನೊಬ್ಬ, "ಆಡಿನ ಗಿಣ್ಣು ಇನ್ನೂ ಮಾಡೋ ಅಜ್ಜಿ ಒಬ್ರಿದಾರೆ, ನಮ್ಮ ಕಡೆ ಬಾ" ಎಂದ. ಗುರುಗುಂಡ ಬ್ರಹ್ಮೇಶ್ವರಸ್ವಾಮಿ ಮಠದ ಊರೆಂದಷ್ಟೇ ನನಗೆ ತಿಳಿದಿದ್ದ ಪಟ್ಟನಾಯಕನಹಳ್ಳಿಗೆ ಹೀಗೆ ಬಂದೆ. ಚೀಸು ಹಿಂದೆ ಸರಿಯಿತು. ಅಜ್ಜಿ ಮುಂದೆ ಬಂದರು. ಹೆಸರು ಹಾಕಕೂಡದೆಂದು ಅವರ ಕಟ್ಟಪ್ಪಣೆ. "ಪೇಪರ್‌ನಾಗೆ ಎಸ್ರು ಬಂದ್ರೆ ಸಾಲ ಕೊಟ್ಟೋರು ಬತ್ತಾರೆ" ಎಂದು ನಕ್ಕರು. ಸಾಲ ಇದೆಯೋ ಇಲ್ಲವೋ ಕೇಳಲಿಲ್ಲ.

ಗಿಣ್ಣಿಗೆ ಅಜ್ಜಿಯ ಲೆಕ್ಕ ಲೋಟದಲ್ಲಿಲ್ಲ, ಬೆರಳಲ್ಲಿದೆ. ಗಿಣ್ಣು ಹಾಲನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ಅಂಟು ನೋಡುತ್ತಾರೆ. ಮೊದಲ ಕರಾವಿನದಾದರೆ ಎರಡು ಪಾಲಿಗೂ ಮೀರಿ ಮಾಮೂಲಿ ಹಾಲು ಹಿಡಿಸುತ್ತದೆ. ಎರಡನೇ ದಿನದ್ದಾದರೆ ಸಮಸಮ. ಮೂರನೇ ದಿನ ಹಾಲು ಬೆರೆಸುವ ಹಾಗೇ ಇಲ್ಲ, ಬೆರೆಸಿದರೆ ಗಟ್ಟಿಯಾಗದೆ ಪಾಯಸವಾಗಿ ಕೂರುತ್ತದೆ. ಕುಟ್ಟಿದ ಬೆಲ್ಲವನ್ನು ಹಾಲಿನ ಜೊತೆ ಕದಡಿ, ಹತ್ತಿಬಟ್ಟೆಯಲ್ಲಿ ಸೋಸಿ, ಏಲಕ್ಕಿ ಜೊತೆಗೆ ಎರಡು ಕಾಳು ಮೆಣಸು ಜಜ್ಜಿ ಹಾಕಿದರು. ಮೆಣಸು ಯಾಕಜ್ಜಿ ಎಂದರೆ, "ಆಡು ಆಡೇ ಅಲ್ವೇನಪ್ಪ, ವಾಸ್ನೆ ಮುಚ್ಚಬೇಕು." ತಳ ಅಗಲದ ಪಾತ್ರೆಯಲ್ಲಿ ನೀರಿಟ್ಟು, ಒಳಗೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಗಿಣ್ಣಿನ ಬೋಗುಣಿ, ಮೇಲೆ ತಟ್ಟೆ, ತಟ್ಟೆಯ ಮೇಲೆ ಇನ್ನೊಂದು ಕಲ್ಲು. ಉರಿ ಜೋರಾದರೆ ಗಿಣ್ಣಿನೊಳಗೆ ಜೇನುಗೂಡಿನಂತೆ ತೂತು ಬೀಳುತ್ತದೆ, ನೀರು ಬಿಡುತ್ತದೆ. ಹಾಗಾದರೆ ಅದು ಕೆಟ್ಟಿತು ಅಂತಲ್ಲ, ಮಾಡಿದವಳಿಗೆ ಮರ್ಯಾದೆ ಇಲ್ಲ ಅಂತ. ನಾವು ಹರಟುತ್ತಿದ್ದ ಅರ್ಧ ಗಂಟೆಯಲ್ಲಿ ಅಜ್ಜಿ ಮೂರು ಸಲ ಮಾತಿನ ನಡುವೆಯೇ ಎದ್ದು ಹೋಗಿ ಕೊಳ್ಳಿ ಹಿಂದಕ್ಕೆಳೆದರು. ಗಡಿಯಾರ ನೋಡಲಿಲ್ಲ. ತಟ್ಟೆ ಕುಲುಕುವ ಸದ್ದು ಸಾಕಿತ್ತು.

ಬೋಗುಣಿ ಕವುಚಿದಾಗ ಗಿಣ್ಣು ನಡುಗುತ್ತ ನಿಂತಿತು. ಹಸುವಿನ ಗಿಣ್ಣಿಗಿಂತ ಮೆತ್ತಗೆ, ನಾಲಿಗೆಯ ಮೇಲೆ ಇಟ್ಟರೆ ಕರಗುವಷ್ಟು. ಕೊನೆಯಲ್ಲಿ ಆಡಿನದೇ ಒಂದು ಎಳೆ ಉಳಿಯುತ್ತದೆ. ಕಾಡು ವಾಸನೆ ಎನ್ನಲೇ? ಬಳ್ಳಾರಿ ಜಾಲಿಯ ಕಾಯಿ ಮೇಯ್ದ ಆಡಿನ ಹಾಲಿಗೇ ಒಂದು ರುಚಿ, ಬೇವಿನ ಸೊಪ್ಪು ಮೇಯ್ದದ್ದಕ್ಕೇ ಒಂದು ರುಚಿ ಎಂದು ಅಜ್ಜಿ ಸಾಧಿಸುತ್ತಾರೆ. ಹೋತದ ಪಕ್ಕ ಕಟ್ಟಿದರೆ ಹಾಲೂ ಹೋತನಂತೆ ನಾರುತ್ತದಂತೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ನಮ್ಮ ಜನವೇ ಒಂದು ಬಳ್ಳಿಗೆ 'ಆಡುಮುಟ್ಟದ ಬಳ್ಳಿ' ಎಂದು ಹೆಸರಿಟ್ಟಿದ್ದಾರೆ. ಗಾದೆಗಿಂತ ಕಾಯುವವರ ಕಣ್ಣು ಚುರುಕು.

ಗಿಣ್ಣಿಗೆ ಯಾರೂ ಹೆಪ್ಪು ಹಾಕುವುದಿಲ್ಲ, ಹುಳಿ ಹಿಂಡುವುದಿಲ್ಲ. ಮರಿಯನ್ನು ರೋಗದಿಂದ ಕಾಯಲೆಂದು ತಾಯಿ ಆ ಮೊದಲ ಹಾಲಿನಲ್ಲಿ ತುಂಬಿಟ್ಟ ಪ್ರೋಟೀನುಗಳೇ ಬಿಸಿಗೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತವೆ. ಹುಟ್ಟಿದ ಮೊದಲ ದಿನ ಮಾತ್ರ ಮರಿಯ ಕರುಳು ಆ ರಕ್ಷಣೆಯನ್ನು ಹಾಗೆಹಾಗೇ ಹೀರಬಲ್ಲದು, ಆಮೇಲೆ ಬಾಗಿಲು ಮುಚ್ಚಿದ ಹಾಗೆ. ಅಜ್ಜಿಗೆ ಈ ವಿಜ್ಞಾನ ಯಾರೂ ಹೇಳಿಲ್ಲ. ಆದರೆ ಅವಳಿ ಮರಿ ಈದ ಆಡಿನಿಂದ ಗಿಣ್ಣು ಕರೆಯುವುದಿಲ್ಲ ಎಂಬುದು ಅವರ ಕಟ್ಟು.

ಚೀಸಿನ ದಾರಿ ಬೇರೆ. ಅಲ್ಲಿ ಕೆಲಸ ಮಾಡುವುದು ಮಾಮೂಲಿ ಹಾಲಿನ ಕೇಸೀನ್ ಎಂಬ ಪ್ರೋಟೀನು. ಫ್ರೆಂಚರ ಮೆತ್ತನೆಯ ಮೇಕೆ ಚೀಸಿಗೆ ಹಾಲನ್ನು ಹೆಪ್ಪಿನಿಂದ ನಿಧಾನವಾಗಿ ಹುಳಿಸಿ, ಹಾಲು ಗಟ್ಟಿಯಾಗಿಸುವ ರೆನೆಟ್ ಒಂದೆರಡು ಹನಿ ಬಿಟ್ಟು, ಸುಮಾರು ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಾರೆ. ನೀರಿಳಿದರೆ ಉಪ್ಪು. ಮೇಕೆ ಹಾಲಿನ ಕೊಬ್ಬಿನ ಕಣ ಸಣ್ಣದು, ಒಂದು ಬಗೆಯ ಕೇಸೀನ್ ಅದರಲ್ಲಿ ಕಡಿಮೆ. ಹಾಗಾಗಿ ಹೆಪ್ಪು ಮೆದು, ಬೇಗ ಮುರಿಯುತ್ತದೆ. ಕ್ಯಾರೊಟಿನನ್ನೆಲ್ಲ ಆಡು ತನ್ನ ಮೈಯಲ್ಲೇ ಎ ವಿಟಮಿನ್ ಮಾಡಿಕೊಳ್ಳುವುದರಿಂದ ಚೀಸು ಸುಣ್ಣದಷ್ಟು ಬಿಳಿ. ಆ ಘಾಟು ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಕೊಬ್ಬಿನಾಮ್ಲಗಳದು. ಮೂರೂ ಹೆಸರಿನ ಬೇರು ಲ್ಯಾಟಿನ್ನಿನ 'ಕಾಪ್ರಾ', ಅಂದರೆ ಆಡು. ರಸಾಯನಶಾಸ್ತ್ರದವರ ಮೂಗಿಗೂ ಮೊದಲು ಬಡಿದದ್ದು ಅದೇ ವಾಸನೆ!

ಹಾಲು ಒಡೆಸುವುದು ನಮ್ಮ ಪದ್ಧತಿಯಲ್ಲ, ಒಡೆದರೆ ಅಪಶಕುನ ಎಂದು ಹೇಳುವವರಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಈ ಮಾತನ್ನು ಒಪ್ಪುತ್ತಿರಲಿಲ್ಲ. 12ನೇ ಶತಮಾನದ ಅವನ 'ಮಾನಸೋಲ್ಲಾಸ'ದಲ್ಲಿ ಕಾಯಿಸಿದ ಹಾಲನ್ನು ಹುಳಿಯಿಂದ ಒಡೆದು, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಬೆರೆಸಿ, ಕರಿದು ಸಕ್ಕರೆಗೆ ಹಾಕುವ ತಿಂಡಿ ಇದೆ. ಅರಮನೆಯ ಆ ಅಡುಗೆ ಹಟ್ಟಿಗೆ ಇಳಿಯಲಿಲ್ಲ, ಅಷ್ಟೆ.

ಹಟ್ಟಿಯ ಚರಿತ್ರೆ ಹೇಳಿದ್ದು ಪಕ್ಕದ ಮನೆಯ ಹಿರಿಯರು, ಬೀಡಿ ಆರುವಷ್ಟು ಹೊತ್ತಿನಲ್ಲಿ. ಕಾಡುಗೊಲ್ಲರ ವೀರ ಜುಂಜಪ್ಪ, ಕಳುವರಹಳ್ಳಿಯ ಅವನ ಗುಡ್ಡೆ, ಅವನ ಕತೆ ಹಾಡುವಾಗ ಊದುವ ಉದ್ದನೆಯ ಗಣೆ; ಆಮೇಲೆ ನೇರ 'ಧಾತು ಈಶ್ವರ'ದ ಬರಕ್ಕೆ ಜಿಗಿದರು. 1876–78ರ ಆ ಬರದಲ್ಲಿ ದನ ಸತ್ತವು, ಆಡು ಉಳಿದವು, ಆಡು ಉಳಿದದ್ದಕ್ಕೆ ನಾವು ಉಳಿದೆವು ಎಂದು ಅವರ ಮುತ್ತಾತ ಹೇಳುತ್ತಿದ್ದರಂತೆ. ಬೀಡಿ ಮುಗಿಯಿತು.

ಹಟ್ಟಿಯ ಬಗ್ಗೆ ಬರೆದು ಇದನ್ನು ಬಿಟ್ಟರೆ ತಪ್ಪಾಗುತ್ತದೆ. ಆಡು ಈದರೆ ಮನೆಯೊಳಗೆ ಗಿಣ್ಣು. ಹೆಣ್ಣುಮಗಳು ಹೆತ್ತರೆ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಅವಳಿಗೂ ಕೂಸಿಗೂ ಊರಾಚೆಯ ಗುಡಿಸಲು. 2023ರಲ್ಲಿ ಇದೇ ಜಿಲ್ಲೆಯಲ್ಲಿ, ತುಮಕೂರು ಸಮೀಪದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಒಂದು ಹಸುಗೂಸು ತೀರಿಕೊಂಡಿತು. ಈ ಮಾತೆತ್ತಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ನಾನೂ ಮೂರು ಸಲ ಆಚೆ ಇದ್ದೋಳೇ ಕಣಪ್ಪ" ಎಂದರು. ಮತ್ತೆ ಕೊಳ್ಳಿ ಎಳೆಯಲು ಎದ್ದರು.

ಎರಡು ದಿನ ಮೂರು ಮನೆಯಿಂದ ಕೂಡಿಸಿದ ಎರಡು ಲೀಟರ್ ಹಾಲು ತಂದು ನಾನೇ ಚೀಸು ಮಾಡಿದೆ. ಮೊದಲು ಚೆನ್ನಾಗಿ ಕಾಯಿಸಿದೆ. ಅದರಲ್ಲಿ ರಾಜಿ ಇಲ್ಲ. ಮಾಲ್ಟಾ ದ್ವೀಪದ ಬ್ರಿಟಿಷ್ ಸೈನಿಕರನ್ನು ತಿಂಗಳುಗಟ್ಟಲೆ ಕಾಡಿದ ಜ್ವರಕ್ಕೆ ಮೇಕೆಯ ಹಸಿ ಹಾಲೇ ಕಾರಣವೆಂದು 1905ರಲ್ಲಿ ಪತ್ತೆಯಾಯಿತು. ನಮ್ಮಲ್ಲಿ ಆಡು 'ಕಂದು ಹಾಕುವುದು' ಎನ್ನುತ್ತೇವಲ್ಲ, ಅದಕ್ಕೆ ಕಾರಣವಾಗುವ ರೋಗಾಣುವೇ ಮನುಷ್ಯರಿಗೂ ದಾಟುತ್ತದೆ. ಹಸಿ ಹಾಲಿನ ಮೆದು ಚೀಸಿನಲ್ಲೂ ಬದುಕಿರುತ್ತದೆ. ಕಾಯ್ದ ಹಾಲಿಗೆ ನಿಂಬೆಹುಳಿ ಹಿಂಡಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ರಾತ್ರಿಯೆಲ್ಲ ನಲ್ಲಿಗೆ ನೇತುಹಾಕಿದೆ. ಬೆಳಿಗ್ಗೆ ಸಿಕ್ಕಿದ್ದು ಒಂದು ಮುಷ್ಟಿ ದಪ್ಪಗಿನ ಉಂಡೆ.

ಪೋಷಕಾಂಶದ ಪಟ್ಟಿ ಹಾಕಿ ಬೇಸರ ತರಿಸುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ 100 ಗ್ರಾಂ ಮೆದು ಮೇಕೆ ಚೀಸಿನಲ್ಲಿ ಸುಮಾರು 264 ಕ್ಯಾಲೊರಿ, 18.5 ಗ್ರಾಂ ಪ್ರೋಟೀನ್, 21 ಗ್ರಾಂ ಕೊಬ್ಬು. ನನ್ನನ್ನು ತಡೆದು ನಿಲ್ಲಿಸಿದ್ದು ಸುಣ್ಣದಂಶ: 140 ಮಿಲಿಗ್ರಾಂ ಮಾತ್ರ. 100 ಗ್ರಾಂ ಮೇಕೆ ಹಾಲಿನಲ್ಲೇ 134 ಇರುವಾಗ, ಅಷ್ಟು ಹಾಲು ಇಷ್ಟು ಉಂಡೆಯಾದ ಮೇಲೂ ಏರಲಿಲ್ಲವಲ್ಲ? ಹುಳಿ ಬಿದ್ದ ಕೂಡಲೇ ಸುಣ್ಣ ಕರಗಿ ನೀರಿನ ಜೊತೆ ಇಳಿದುಹೋಗುತ್ತದೆ. ರೆನೆಟ್ಟಿನಿಂದ ಕಟ್ಟಿ, ಒತ್ತಿ, ತಿಂಗಳುಗಟ್ಟಲೆ ಮಾಗಿಸಿದ ಗಟ್ಟಿ ಚೀಸಿನಲ್ಲಿ ಅದು 900ರ ಹತ್ತಿರ ನಿಲ್ಲುತ್ತದೆ. ನನ್ನ ಉಂಡೆಯಿಂದ ಇಳಿದ ಹಸಿರು ನೀರನ್ನು ಚೆಲ್ಲದೆ ಅದರಲ್ಲೇ ರಾಗಿಹಿಟ್ಟು ಕಲಸಿ ರೊಟ್ಟಿ ತಟ್ಟಿದೆ. ಅಂದಹಾಗೆ ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ದಾಟಿದ ಸುಣ್ಣವಿದೆ. ಶಿರಾ ಸೀಮೆಯವರು ಸುಣ್ಣಕ್ಕಾಗಿ ಫ್ರಾನ್ಸಿನ ಕಡೆ ನೋಡಬೇಕಿಲ್ಲ.

ಬಿಸಿ ರಾಗಿರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿಪುಡಿ, ಅದರ ಮೇಲೆ ಉದುರಿಸಿದ ಚೀಸು. ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ. ಪಿಜ್ಜಾದ ಚೀಸಿನಂತೆ ಇದು ಎಳೆ ಬಿಡುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ ಅಷ್ಟೆ. ಹಾಗಾಗಿ ಒಗ್ಗರಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿದ ಮೇಲೆ ಒಲೆ ಆರಿಸಿ ಸೇರಿಸಬೇಕು. ಬೇಯಿಸಿದ ಬೀಟ್‌ರೂಟಿನ ಸಿಹಿಗೆ, ಹುರುಳಿಕಾಳಿನ ಉಸಲಿಗೆ ಅದರ ಹುಳಿ ಒಗ್ಗುತ್ತದೆ. ಜೇನಿನ ಜೊತೆಯೂ ಸೈ. ಬಸ್ಸಾರಿಗೆ ಹಾಕಿ ನೋಡಿದೆ, ಬೇಡ.

ಮೇಕೆ ಹಾಲು ಎಲ್ಲಕ್ಕೂ ಮದ್ದು ಎಂಬ ಮಾತು ಬೇರೆ ಹಬ್ಬಿದೆ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಏರಿಸುತ್ತದೆಂದು ಊರೂರು ಹುಡುಕುತ್ತಾರೆ; ಅದಕ್ಕೆ ಪುರಾವೆ ಇಲ್ಲ. ಲ್ಯಾಕ್ಟೋಸ್ ಹಸುವಿನ ಹಾಲಿಗಿಂತ ತುಸು ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹಸುವಿನ ಹಾಲು ಅಲರ್ಜಿಯಾದವರಿಗೆ ಇದೂ ಆಗದಿರುವುದೇ ಹೆಚ್ಚು. ಫೋಲೇಟ್ ತೀರಾ ಕಡಿಮೆ ಇರುವುದರಿಂದ ವರ್ಷ ತುಂಬದ ಕೂಸಿಗೆ ಇದನ್ನೇ ನೆಚ್ಚಿದರೆ ರಕ್ತ ಕುಂದುತ್ತದೆ. ಗಾಂಧೀಜಿ 1919ರಿಂದ ಕುಡಿದರಲ್ಲ ಎಂದು ಕೇಳುವವರಿಗೆ: ಅವರು ಹಿಡಿದದ್ದು ಔಷಧವೆಂದಲ್ಲ. ಹಾಲು ಬಿಟ್ಟ ವ್ರತ ಹಸು, ಎಮ್ಮೆಗೆ ಮಾತ್ರವಲ್ಲವೇ ಎಂದು ಕಸ್ತೂರಬಾ ಕೇಳಿದ್ದಕ್ಕೆ. ಅದು ವ್ರತಭಂಗವೇ ಎಂಬ ಅಳುಕು ಅವರನ್ನು ಕೊನೆವರೆಗೂ ಬಿಡಲಿಲ್ಲ. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಅವರು ತಂಗಿದ್ದ ನಂದಿಬೆಟ್ಟದ ಹೆಸರನ್ನೇ ನಮ್ಮ ಈ ಸೀಮೆಯ ಬಿಳಿ ಆಡಿನ ತಳಿಯೂ ಹೊತ್ತಿದೆ, ನಂದಿದುರ್ಗ ಎಂದು.

ಆ ತಳಿ ಮಾಂಸದ್ದು. ಹಾಲು ಮರಿಗೆ ಸಾಕಾಗುವಷ್ಟು, ಮಿಕ್ಕರೆ ಮನೆಯ ಟೀಗೆ. ಮೆದು ಚೀಸು ಒಂದೂವರೆ ಕಿಲೊ ಬೇಕೆಂದರೆ ಹತ್ತು ಲೀಟರಿನಷ್ಟು ಹಾಲು ಬೇಕು. ಅಜ್ಜಿಯ ರೊಪ್ಪದ ಒಂಬತ್ತು ಆಡೂ ಒಟ್ಟಿಗೆ ಈದರೂ ಅಷ್ಟು ಕೂಡುವುದಿಲ್ಲ. ಊರಿನ ಡೇರಿ ಹಸುವಿನ ಹಾಲು ಅಳೆಯುತ್ತದೆ, ಆಡಿನದನ್ನು ಮುಟ್ಟುವುದಿಲ್ಲ. ಸಹಕಾರ ಸಂಘ, ಚೀಸ್ ಘಟಕ ಎಂದೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಅಜ್ಜಿ ಕೇಳಿಸಿಕೊಂಡು, "ಮರಿ ಕುಡಿದಿದ್ದು ಎಲ್ಲಿಗೋಯ್ತದೆ? ಮೈ ಮ್ಯಾಲೇ ಇರ್ತೈತೆ. ಸಂತೇಲಿ ಮುಟ್ಟಿ ನೋಡೇ ರೇಟ್ ಕಟ್ತಾರೆ. ನೀನು ಕುಡಿದಿದ್ದು ಮಾತ್ರ ಓದಂಗೇ" ಎಂದರು. ನನ್ನ ಯೋಜನೆಗೆ ಇಷ್ಟು ಚಿಕ್ಕ, ಇಷ್ಟು ಸರಿಯಾದ ಉತ್ತರ ಯಾವ ಬ್ಯಾಂಕಿನವರೂ ಕೊಡಲಾರರು. ಆದರೂ ಒಂದೆರಡು ಹಾಲಿನ ತಳಿ ತಂದು ಕಟ್ಟಿ, ಹತ್ತು ಹಟ್ಟಿಗೊಂದು ಕಾಯಿಸುವ ಜಾಗ ಮಾಡಿದರೆ ಹೇಗೆ ಎಂಬ ಆಸೆ ನನ್ನಲ್ಲಿ ಇನ್ನೂ ಸತ್ತಿಲ್ಲ.

ಮೇವಿನದೇ ಚಿಂತೆ. ಬೀಳುಬಿಟ್ಟ ಹೊಲಗಳಿಗೆ ತಂತಿ ಬಿದ್ದಿದೆ, ಗೋಮಾಳ ಕರಗಿದೆ. ಪಾವಗಡದ ತಿರುಮಣಿ ಕಡೆ 13,000 ಎಕರೆ ಸೌರಫಲಕಗಳ ಕೆಳಗಿದೆ. ಅಲ್ಲಿನ ನೆಂಟರು ಆಡು ಮಾರಿದರೆಂದು ಅಜ್ಜಿ ಹೇಳಿದರು. ಮೊಮ್ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ. ಗಿಣ್ಣು ಇಷ್ಟವಂತೆ, ಊರಿಗೆ ಬರುವ ಹೊತ್ತಿಗೆ ಯಾವ ಆಡೂ ಈದಿರುವುದಿಲ್ಲ.

ಆ ದಿನ ಅಜ್ಜಿ ನನ್ನ ಮನೆಯವರಿಗೆಂದು ಗಿಣ್ಣನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಡಬ್ಬಿ ಬರಿದಾಗಿ ಹಿಂದಿರುಗಿಸಬಾರದಲ್ಲ, ನಾನು ಮಾಡಿದ ಚೀಸಿನ ಒಂದು ತುಂಡು ಅದರಲ್ಲಿಟ್ಟು ಒಯ್ದೆ. ಅಜ್ಜಿ ಚೂರು ಬಾಯಿಗಿಟ್ಟುಕೊಂಡು, ಕಣ್ಣು ಕಿರಿದು ಮಾಡಿ, ನಿಧಾನವಾಗಿ ನುಂಗಿದರು.

"ಮೊಸರಿಗೆ ಸಿಟ್ಟು ಬಂದಂಗೈತೆ."

ಮಿಕ್ಕಿದ್ದನ್ನು ಉಪ್ಪಿನಕಾಯಿ ಜೊತೆ ತಿನ್ನುತ್ತೇನೆಂದು ಒಳಗಿಟ್ಟರು. ರೊಪ್ಪದಲ್ಲಿ ಐದೇ ಆಡಿದ್ದವು. ಬಿಳಿಯದು ಕಾಣಲಿಲ್ಲ. ಗಬ್ಬದ್ದು ಯಾವುದಾದರೂ ಇದೆಯೇ ಎಂದೆ. ತಲೆಯಾಡಿಸಿದರು, ಇಲ್ಲವೆಂದು. ಡಬ್ಬಿ ತೊಳೆದು, ಸೆರಗಿನಲ್ಲಿ ಒರೆಸಿ, ಅತ್ತಿತ್ತ ನೋಡಿ, ಗಡಿಗೆಯಿಂದ ಒಂದು ಹಿಡಿ ಹುಣಸೆಹಣ್ಣು ತೆಗೆದು ತುಂಬಿದರು.

"ತಗಂಡೋಗು. ಗಿಣ್ಣಾದಾಗ ಡಬ್ಬಿ ತಗಂಬಾ."

ಡಬ್ಬಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೇ ಇದೆ. ಹುಣಸೆಹಣ್ಣು ಅರ್ಧ ಖಾಲಿಯಾಗಿದೆ.