ಹಳೆಯ ಕಾರಿನಲ್ಲಿ ಪೆಟ್ರೋಲಿನ ವಾಸನೆ: ಮೂಲವನ್ನು ಅರಸುವ ಕ್ರಮ

ಪಂಚೇಂದ್ರಿಯಗಳಲ್ಲಿ ಘ್ರಾಣೇಂದ್ರಿಯಕ್ಕೆ ಮನುಷ್ಯನು ಸಲ್ಲಿಸುವ ಗೌರವ ಅತ್ಯಲ್ಪ. ಕಣ್ಣು ಕಂಡುದನ್ನು ಅವನು ನಂಬುತ್ತಾನೆ. ಕಿವಿ ಕೇಳಿದುದನ್ನು ವಿಚಾರಿಸುತ್ತಾನೆ. ಮೂಗು ತಿಳಿಸಿದುದನ್ನು ಮಾತ್ರ ‘ಏನೋ ವಾಸನೆ’ ಎಂದು ಬದಿಗೆ ಸರಿಸಿಬಿಡುತ್ತಾನೆ. ಹಳೆಯ ಮೋಟಾರು ಕಾರಿನ ವಿಷಯದಲ್ಲಿ ಈ ಉದಾಸೀನವು ಪ್ರಾಣಕ್ಕೇ ಎರವಾಗಬಲ್ಲುದು. ‘ಹಳೆಯ ಗಾಡಿ ಎಂದಮೇಲೆ ಪೆಟ್ರೋಲು ನಾರುವುದು ಸಹಜ’ ಎಂಬುದು ಲೋಕರೂಢಿಯ ಮಾತು. ರೂಢಿಯ ಮಾತುಗಳೆಲ್ಲವೂ ಸತ್ಯವಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಿರಿಯರಿಗೆ ಕಾರು ಎಂದರೆ ಅಂಬಾಸಡರ್ ಅಥವಾ ಫಿಯಟ್. ಮದುವೆಯ ದಿಬ್ಬಣಕ್ಕೂ ರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಸಾಗಿಸುವುದಕ್ಕೂ ಒದಗುತ್ತಿದ್ದ ಗಾಡಿಗಳು ಇವು. ಫಿಯಟ್ಟಿನ ಸಂತತಿಯಾದ ಪ್ರೀಮಿಯರ್ ಪದ್ಮಿನಿಯ ತಯಾರಿಕೆ 2000ದ ಆಸುಪಾಸಿನಲ್ಲಿಯೂ ಅಂಬಾಸಡರಿನದು 2014ರಲ್ಲಿಯೂ ನಿಂತುಹೋಯಿತು. ಆದರೂ ಅಭಿಮಾನದಿಂದ ಇವುಗಳನ್ನು ಕಾಪಾಡಿಕೊಂಡು ಬಂದವರಿದ್ದಾರೆ. ಐವತ್ತು ವರ್ಷಕ್ಕೆ ಮೀರಿದ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮಗಳನ್ನೇ ರೂಪಿಸಿತು. ಕಾಪಾಡುವವನು ಮೊದಲು ಅರಿಯಬೇಕಾದುದು ಇಂಧನದ ಸ್ವಭಾವವನ್ನು.

ಪೆಟ್ರೋಲಿಯಂ ಎಂಬ ಪದದಲ್ಲಿ ಶಿಲೆಯೆಂದೂ ತೈಲವೆಂದೂ ಅರ್ಥಕೊಡುವ ಎರಡು ಪದಗಳು ಸೇರಿವೆ. ಆದ್ದರಿಂದ ಅದು ಶಿಲಾತೈಲ. ಅದರಿಂದ ಬೇರ್ಪಡಿಸಿದ ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಹಾಗಿರುವಾಗ ನಮ್ಮ ಬಯಲುಸೀಮೆಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹೇಳತಕ್ಕದ್ದೇನು? ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಮೇಲಕ್ಕೇರದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ ಒಂದೂವರೆಯಷ್ಟಾದರೆ ಸಾಕು, ಒಂದು ಕಿಡಿಗೆ ಉರಿದೇಳುತ್ತದೆ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ಇಂಧನದ ದೊಡ್ಡ ದಾಸ್ತಾನು ಕೇಂದ್ರಗಳಿವೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ 360 ಕಿಲೋಮೀಟರಿಗೂ ಮಿಕ್ಕಿದ ಕೊಳವೆಯಲ್ಲಿ ಅಲ್ಲಿಗೆ ಇಂಧನ ಹರಿದು ಬರುತ್ತದೆ. ಅಂತಹ ಸ್ಥಳದಲ್ಲಿ ಪಾಲಿಸುವ ಎಚ್ಚರದಲ್ಲಿ ನೂರರಲ್ಲೊಂದು ಪಾಲನ್ನಾದರೂ ಮನೆಯ ಷೆಡ್ಡಿನಲ್ಲಿ ಪಾಲಿಸದಿರುವುದು ವಿಚಿತ್ರವೇ ಸರಿ.

ವಾಸನೆಯ ಮೂಲವನ್ನು ಹುಡುಕುವ ಕಾರ್ಯವು ತರ್ಕಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದುದು. ಹೊಗೆಯನ್ನು ಕಂಡು ಬೆಟ್ಟದ ಮೇಲೆ ಬೆಂಕಿಯುಂಟೆಂದು ಊಹಿಸುವಂತೆ, ಇಲ್ಲಿ ಗಂಧವೆಂಬ ಹೇತುವಿನಿಂದ ಸೋರಿಕೆಯೆಂಬ ಸಾಧ್ಯವನ್ನು ಕಾಣಬೇಕು. ಆದರೆ ಆವಿಯು ಹುಟ್ಟಿದ ಕಡೆ ನಿಲ್ಲದೆ ಅಲೆಯುವುದರಿಂದ, ವಾಸನೆ ಎಲ್ಲಿ ಬಲವಾಗಿದೆಯೋ ಅಲ್ಲಿಯೇ ದೋಷವಿದೆ ಎನ್ನುವಂತಿಲ್ಲ. ಡಿಕ್ಕಿಯಲ್ಲಿ ಹುಟ್ಟಿದ ವಾಸನೆ ಓಡುವ ಕಾರಿನಲ್ಲಿ ಮುಂದಿನ ಆಸನಕ್ಕೆ ಬರಬಹುದು. ಆದ್ದರಿಂದ ‘ಎಲ್ಲಿ’ ಎಂಬುದಕ್ಕಿಂತ ಮೊದಲು ‘ಯಾವಾಗ’ ಎಂದು ಕೇಳಬೇಕು. ಯಾವುದು ಇದ್ದಾಗ ವಾಸನೆ ಇರುತ್ತದೆ, ಯಾವುದು ಇಲ್ಲದಾಗ ಇರುವುದಿಲ್ಲ ಎಂಬ ಅನ್ವಯ ವ್ಯತಿರೇಕಗಳ ಪರೀಕ್ಷೆಯೇ ಇಲ್ಲಿ ದಾರಿದೀಪ.

ಮೊದಲನೆಯದು, ಬಂಕಿನಲ್ಲಿ ಟ್ಯಾಂಕು ತುಂಬಿಸಿದ ದಿನ ಮಾತ್ರ ಬರುವ ವಾಸನೆ. ಟ್ಯಾಂಕು ಅರ್ಧಕ್ಕಿಳಿದಾಗ ಇದು ಮಾಯವಾಗುತ್ತದೆ. ಆಗ ದೋಷವು ಟ್ಯಾಂಕಿನ ಮೇಲ್ಭಾಗದಲ್ಲಿದೆ ಎಂದು ತಿಳಿಯಬೇಕು: ಪೆಟ್ರೋಲು ಹಾಕುವ ಬಾಯಿಯ ಮುಚ್ಚಳದ ರಬ್ಬರು, ಬಾಯಿಯನ್ನು ಟ್ಯಾಂಕಿಗೆ ಕೂಡಿಸುವ ರಬ್ಬರು ಕೊಳವೆ, ಮಟ್ಟವನ್ನು ತೋರಿಸುವ ಉಪಕರಣದ ಕೆಳಗಿನ ಗ್ಯಾಸ್ಕೆಟ್. ತಿರುವಿನಲ್ಲಿ ವಾಸನೆ ಹೆಚ್ಚಾದರೆ ಈ ಸಂಶಯ ದೃಢವಾಗುತ್ತದೆ. ಇಂದಿನ ಕಾರುಗಳಲ್ಲಿ ಟ್ಯಾಂಕಿನ ಆವಿಯನ್ನು ಹೀರಿಕೊಳ್ಳುವ ಇದ್ದಲಿನ ಡಬ್ಬಿ ಇರುತ್ತದೆ. ಹಳೆಯವುಗಳಲ್ಲಿ ಆವಿ ನೇರವಾಗಿ ಹೊರಗಾಳಿಗೆ ಸೇರುತ್ತದೆ. ಆದಕಾರಣ ಕಂಠಮಟ್ಟ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸುವುದು ಸಲ್ಲದು.

ಎರಡನೆಯದು, ರಾತ್ರಿಯೆಲ್ಲ ನಿಂತ ಕಾರಿನ ಷೆಡ್ಡನ್ನು ಬೆಳಗ್ಗೆ ತೆರೆದಾಗ ಬರುವ ವಾಸನೆ. ಎಂಜಿನ್ನು ಓಡದೆಯೂ ಸೋರುತ್ತಿದೆ ಎಂದಮೇಲೆ ಟ್ಯಾಂಕಿನ ತಳವನ್ನೂ ಅದರಿಂದ ಹೊರಡುವ ಪೈಪನ್ನೂ ಪರೀಕ್ಷಿಸಬೇಕು. ತಳದಲ್ಲಿ ನೀರು ನಿಂತು ತುಕ್ಕು ಹಿಡಿದ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಬೀಳುತ್ತವೆ.

ಮೂರನೆಯದು, ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದ ಹತ್ತು ನಿಮಿಷದೊಳಗೆ ಬರುವ ವಾಸನೆ. ಗಾಳಿಯ ಹರಿವು ನಿಂತೊಡನೆ ಎಂಜಿನ್ನಿನ ಶಾಖವು ಕಾರ್ಬುರೇಟರಿಗೆ ಏರಿ, ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ಕುದಿಸುತ್ತದೆ. ಇದು ಅಲ್ಪವಾಗಿದ್ದು ಬೇಗ ಅಡಗಿದರೆ ಆ ಕಾಲದ ಯಂತ್ರಕ್ಕೆ ಸಹಜ. ಆದರೆ ಕಾರ್ಬುರೇಟರಿನ ಹೊರಮೈ ಒದ್ದೆಯಾಗಿದ್ದರೆ ಅದು ಸಹಜವಲ್ಲ. ಬಟ್ಟಲಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ಸವೆದಿರಬೇಕು, ಕಸ ಸಿಕ್ಕಿರಬೇಕು, ಇಲ್ಲವೆ ಫ್ಲೋಟು ತೂತಾಗಿ ಮುಳುಗಿರಬೇಕು.

ನಾಲ್ಕನೆಯದು, ಎಂಜಿನ್ನು ಓಡುವಾಗ ಮಾತ್ರ ಬರುವ ವಾಸನೆ. ಎಂಜಿನ್ನಿನ ಪಕ್ಕದಲ್ಲಿರುವ ಪಂಪಿನ ಡಯಾಫ್ರಂ ಹರಿದಿದ್ದರೆ ಪೆಟ್ರೋಲು ಹೊರಗೆ ತೊಟ್ಟಿಕ್ಕಬಹುದು, ಕಾಣದಂತೆ ಒಳಗಿಳಿದು ಎಂಜಿನ್ ಆಯಿಲಿನೊಂದಿಗೆ ಬೆರೆಯಲೂಬಹುದು. ಆಯಿಲ್ ಕಡ್ಡಿಯನ್ನು ಹೊರತೆಗೆದು ಮೂಸಿದರೆ ತಿಳಿಯುತ್ತದೆ: ಮಟ್ಟ ಏರಿದೆ, ಆಯಿಲು ತೆಳುವಾಗಿದೆ, ಪೆಟ್ರೋಲು ನಾರುತ್ತಿದೆ ಎಂದಾದರೆ ಆ ಗಾಡಿಯನ್ನು ಓಡಿಸಲೇಬಾರದು. ಇನ್ನು ವಾಸನೆಯೊಂದಿಗೆ ಕಣ್ಣುರಿಯೂ ತಲೆನೋವೂ ಇದ್ದರೆ ಅದು ಸೈಲೆನ್ಸರಿನ ಹೊಗೆಯು ಡಿಕ್ಕಿಯ ಸಡಿಲ ರಬ್ಬರಿನ ಸಂದಿನಿಂದ ಒಳಬರುತ್ತಿರುವುದರ ಲಕ್ಷಣ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೊಲ್ಲುವ ಶಕ್ತಿ ಮಾತ್ರ ಉಂಟು.

ಹೀಗೆ ಕಾಲವನ್ನು ನಿರ್ಣಯಿಸಿಕೊಂಡ ಮೇಲೆ ಸ್ಥಳವನ್ನು ಪರೀಕ್ಷಿಸಬೇಕು. ಎಂಜಿನ್ನು ಪೂರ್ತಿ ಆರಿರಬೇಕು. ಕಾರು ಬಯಲಿನಲ್ಲಿ ನಿಂತಿರಬೇಕು. ಬ್ಯಾಟರಿಯ ತಂತಿಯನ್ನು ಬಿಚ್ಚಿರಬೇಕು. ಆದರೆ ಆವಿ ದಟ್ಟವಾಗಿ ತುಂಬಿದ ಷೆಡ್ಡಿನೊಳಗೆ ಸ್ವಿಚ್ಚನ್ನಾಗಲಿ ತಂತಿಯನ್ನಾಗಲಿ ಮುಟ್ಟದೆ, ಮೊದಲು ಬಾಗಿಲುಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಬೀಡಿ, ಬೆಂಕಿಕಡ್ಡಿ, ದೀಪ, ಉರಿಯುವ ಒಲೆ ಹತ್ತಿರ ಸುಳಿಯಕೂಡದು. ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿ, ಹನಿ ಎಲ್ಲಿ ಬಿದ್ದಿದೆಯೆಂದು ನೋಡಬೇಕು. ಸಂದೇಹವಿರುವ ಜೋಡಣೆಗಳನ್ನು ಒರೆಸಿ, ಶಾಲೆಯ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹಚ್ಚಿದರೆ, ತೇವವಾದ ಕಡೆ ಅದು ಕಪ್ಪಿಡುತ್ತದೆ. ಹಳೆಯ ಸೋರಿಕೆಯು ಒಣಗಿದ ಮೇಲೂ ಕಂದುಬಣ್ಣದ ಕಲೆಯನ್ನು ಉಳಿಸಿರುತ್ತದೆ. ಕೆಲಕಾಲ ಮೂಸಿದ ಮೂಗು ಜಡವಾಗುವುದರಿಂದ ಆಗಾಗ ದೂರ ಸರಿದು ಶುದ್ಧ ಗಾಳಿಯನ್ನು ಸೇವಿಸಿ ಮರಳಬೇಕು. ಪೆಟ್ರೋಲಿನಲ್ಲಿ ಕ್ಯಾನ್ಸರ್‌ಕಾರಕವಾದ ಬೆಂಜೀನ್ ಇರುವುದರಿಂದ ದೀರ್ಘಕಾಲ ಮೂಸುವುದೂ ಬಾಯಿಂದ ಕೊಳವೆಯನ್ನು ಹೀರಿ ಪೆಟ್ರೋಲು ತೆಗೆಯುವುದೂ ಸರ್ವಥಾ ವರ್ಜ್ಯ.

ಹಿಂದೆ ಇಲ್ಲದಿದ್ದ ಒಂದು ಕಾರಣವೂ ಈಗ ಸೇರಿದೆ. 2022ರಲ್ಲಿ ದೇಶದ ಪೆಟ್ರೋಲಿಗೆ ಬೆರೆಸುವ ಎಥನಾಲಿನ ಪ್ರಮಾಣವು ಶೇಕಡ 10ನ್ನು ಮುಟ್ಟಿತು. ಶೇಕಡ 20ರ ಮಿಶ್ರಣದ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. ಕಬ್ಬು ಮತ್ತು ಧಾನ್ಯಗಳಿಂದ ದೊರೆಯುವ ಎಥನಾಲು ರೈತನಿಗೆ ಆದಾಯವನ್ನು ತರುವುದು ನಿಜ. ಆದರೆ ಅದು ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರಿಯಿಸುತ್ತದೆ, ಟ್ಯಾಂಕಿನಲ್ಲಿ ಗಟ್ಟಿಯಾಗಿ ಕೂತ ಕೊಳೆಯನ್ನು ಸಡಿಲಿಸಿ ಕಾರ್ಬುರೇಟರಿಗೆ ಸಾಗಿಸುತ್ತದೆ. ಹತ್ತಾರು ವರ್ಷ ನಿಷ್ಠೆಯಿಂದ ದುಡಿದ ಕೊಳವೆ ಈಗ ಸೋರತೊಡಗಿದರೆ ಆಶ್ಚರ್ಯವಿಲ್ಲ. ಎಥನಾಲನ್ನು ತಾಳಬಲ್ಲ ಹೊಸ ರಬ್ಬರು ಕೊಳವೆಗಳನ್ನೂ ಡಯಾಫ್ರಂ ಗ್ಯಾಸ್ಕೆಟ್ಟುಗಳನ್ನೂ ಹಾಕಿಸುವುದೇ ಇದಕ್ಕೆ ಪರಿಹಾರ. ಇವುಗಳ ವೆಚ್ಚ ಕಾರಿನ ಬೆಲೆಯ ಮುಂದೆ ಗಣನೀಯವಲ್ಲ.

ಕ್ಲಿಪ್ಪನ್ನು ಬಿಗಿಮಾಡಿ, ಸಾಬೂನನ್ನು ಮೆತ್ತಿ ಸೋರಿಕೆಯನ್ನು ನಿಲ್ಲಿಸಿದೆವೆಂದು ತೃಪ್ತರಾಗುವವರುಂಟು. ಅದು ಹುಣ್ಣಿನ ಮೇಲೆ ಬಟ್ಟೆ ಹೊದಿಸಿದಂತೆ. ತೂತಾದ ಟ್ಯಾಂಕಿಗೆ ಬೆಸುಗೆ ಹಾಕಿಸುವುದು ಇನ್ನೂ ಘೋರ. ಬರಿದಾಗಿ ಕಂಡ ಟ್ಯಾಂಕಿನೊಳಗೆ ಆವಿ ತುಂಬಿರುತ್ತದೆ, ಅದು ದ್ರವಕ್ಕಿಂತ ಭಯಂಕರ. ಆ ಕೆಲಸವನ್ನು ಅದರ ಶುದ್ಧಿಯ ಕ್ರಮ ಬಲ್ಲವನಿಗೇ ಒಪ್ಪಿಸಬೇಕು. ದುರಸ್ತಿಯಾದ ಬಳಿಕ ಮೊದಲಿನ ಪರೀಕ್ಷೆಗಳನ್ನೇ ಇನ್ನೊಮ್ಮೆ ಮಾಡಬೇಕು: ಟ್ಯಾಂಕು ತುಂಬಿದಾಗ, ಬೆಳಗ್ಗೆ ಷೆಡ್ಡು ತೆರೆದಾಗ, ಎಂಜಿನ್ನು ಬಿಸಿಯಾಗಿ ನಿಂತಾಗ, ಓಡುವಾಗ. ನಾಲ್ಕೂ ಸಂದರ್ಭಗಳಲ್ಲಿ ವಾಸನೆ ಬಾರದಿದ್ದಾಗ ಮಾತ್ರ ಮನೆಯ ಮಕ್ಕಳನ್ನೂ ಹಿರಿಯರನ್ನೂ ಆ ಕಾರಿನಲ್ಲಿ ಕೂರಿಸುವುದು ಯುಕ್ತ.