ಹಿರಿಯರ ಕೈಗೆ ಹಳೆಯ ಮೊಬೈಲು: ಆರೋಗ್ಯದ ದೃಷ್ಟಿಯಿಂದ ಎರಡು ಯಂತ್ರಗಳ ತುಲನೆ

ಉದ್ಯೋಗನಿಮಿತ್ತ ತಾಯ್ನಾಡನ್ನು ಬಿಟ್ಟು ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಕುಟುಂಬಗಳಲ್ಲಿ ಇಂದು ಎರಡು ಸಂಗತಿಗಳು ಸಾಮಾನ್ಯವಾಗಿವೆ. ಒಂದು, ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿಗಳ ಕಡೆ ಊರಿನ ಮನೆಯನ್ನು ಕಾಯುತ್ತ ಉಳಿದಿರುವ ವಯೋವೃದ್ಧ ತಂದೆತಾಯಿಗಳು. ಇನ್ನೊಂದು, ಕಪಾಟಿನ ಮೂಲೆಯಲ್ಲಿ ಬಿದ್ದಿರುವ, ಮಕ್ಕಳು ಬಳಸಿ ಬಿಟ್ಟ ಒಂದೆರಡು ಹಳೆಯ ಸ್ಮಾರ್ಟ್‌ಫೋನುಗಳು. ಇವೆರಡನ್ನೂ ಜೋಡಿಸುವ ಆಲೋಚನೆ ಸಹಜವಾಗಿಯೇ ಬರುತ್ತದೆ: “ಹೊಸದೇಕೆ? ಅವ್ವನಿಗೆ ಇದೇ ಸಾಕು.”

ಸಾಕೇ? ಈ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ರಾತ್ರಿ ಎರಡು ಗಂಟೆಗೆ ಎದೆನೋವು ಕಾಣಿಸಿಕೊಂಡ ವೃದ್ಧೆಗೆ ಮೊಬೈಲೆಂಬುದು ಆಟದ ವಸ್ತುವಲ್ಲ; ಔಷಧದ ಪೆಟ್ಟಿಗೆಯಷ್ಟೇ ಅಗತ್ಯವಾದ ಉಪಕರಣ. ಆದುದರಿಂದ ಅದನ್ನು ಆರಿಸುವಾಗಲೂ ಔಷಧವನ್ನು ಆರಿಸುವಷ್ಟೇ ಎಚ್ಚರ ಬೇಕು. ಹಳೆಯ ಮೊಬೈಲುಗಳ ತಾಂತ್ರಿಕ ವಿವರಗಳ ಪಟ್ಟಿಯನ್ನು ಆರೋಗ್ಯದ ಕನ್ನಡಕದಿಂದ ಓದುವುದು ಹೇಗೆಂಬುದನ್ನು, ಎರಡು ಪ್ರಸಿದ್ಧ ಮಾದರಿಗಳನ್ನು ಉದಾಹರಣೆಯಾಗಿಟ್ಟುಕೊಂಡು ತಿಳಿಸುವುದೇ ಈ ಲೇಖನದ ಉದ್ದೇಶ.

ಎರಡು ಮಾದರಿಗಳ ಪರಿಚಯ

ಮೊದಲನೆಯದು ಆಪಲ್ ಸಂಸ್ಥೆಯ ಐಫೋನ್ ಎಸ್‌ಇ. ಇದು 2016ರ ಮಾರ್ಚಿಯಲ್ಲಿ ಬಿಡುಗಡೆಯಾಯಿತು. ಕನ್ನಡಿಗರಿಗೆ ಇದರ ಬಗ್ಗೆ ಒಂದು ವಿಶೇಷ ಅಭಿಮಾನಕ್ಕೆ ಕಾರಣವುಂಟು: 2017ರಲ್ಲಿ ಭಾರತದಲ್ಲಿ ಮೊತ್ತಮೊದಲು ಜೋಡಣೆಗೊಂಡ ಐಫೋನು ಇದೇ. ತೈವಾನಿನ ವಿಸ್ಟ್ರಾನ್ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲಿ ಆ ಕೆಲಸವನ್ನು ಆರಂಭಿಸಿತು. ಮುಂದೆ ಅದೇ ಸಂಸ್ಥೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯನ್ನು ಸ್ಥಾಪಿಸಿತು. 2023ರಲ್ಲಿ ಅದು ಟಾಟಾ ಸಮೂಹದ ಕೈಸೇರಿತು.

ಎರಡನೆಯದು ಶಿಯೋಮಿ ಸಂಸ್ಥೆಯ ರೆಡ್ಮಿ ನೋಟ್ 4. ಇದು 2017ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಆರಂಭದ ಬೆಲೆ 9,999 ರೂಪಾಯಿಗಳು. ಐಫೋನ್ ಎಸ್‌ಇಯ ಆರಂಭದ ಬೆಲೆ ನಮ್ಮ ದೇಶದಲ್ಲಿ 39,000 ರೂಪಾಯಿಗಳಿದ್ದುದನ್ನು ನೆನೆದರೆ ಇವೆರಡರ ಅಂತರ ತಿಳಿದೀತು. ಮಧ್ಯಮ ವರ್ಗದ ಮನೆಗಳಲ್ಲಿ ರೆಡ್ಮಿ ಬಹು ಜನಪ್ರಿಯವಾದುದರಿಂದ, ಇಂದಿಗೂ ಅನೇಕ ಕಪಾಟುಗಳಲ್ಲಿ ಅದು ಸಿಕ್ಕುತ್ತದೆ. ಕ್ಯಾಂಪಿನ ಮಹಾತ್ಮಾ ಗಾಂಧಿ ರಸ್ತೆಯ ಅಂಗಡಿಯಲ್ಲಿ ಕೊಂಡುದಿರಲಿ, ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ರಿಪೇರಿ ಮಾಡಿಸಿದುದಿರಲಿ, ಅದನ್ನು ಅಳೆಯುವ ಬಗೆ ಒಂದೇ.

ಕಣ್ಣು ಮತ್ತು ಪರದೆ

ಐಫೋನ್ ಎಸ್‌ಇಯ ಪರದೆ 4 ಇಂಚು, ರೆಡ್ಮಿಯದು 5.5 ಇಂಚು. ಈ ಅಳತೆ ಮೂಲೆಯಿಂದ ಮೂಲೆಗೆ ಹಿಡಿದದ್ದು. ಆದಕಾರಣ ಕೇವಲ ಒಂದೂವರೆ ಇಂಚಿನ ವ್ಯತ್ಯಾಸವೆಂದು ಭಾವಿಸಲಾಗದು. ವಿಸ್ತೀರ್ಣದ ಲೆಕ್ಕ ಹಾಕಿದರೆ ರೆಡ್ಮಿಯ ಪರದೆ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಅಗಲ ಒಂದರಲ್ಲಿ ಸುಮಾರು 50 ಮಿಲಿಮೀಟರ್, ಇನ್ನೊಂದರಲ್ಲಿ ಸುಮಾರು 68 ಮಿಲಿಮೀಟರ್. ಒಂದು ಸಾಲಿನಲ್ಲಿ ಅಷ್ಟೇ ಅಕ್ಷರಗಳನ್ನು ಹಿಡಿಸಿದರೆ, ರೆಡ್ಮಿಯಲ್ಲಿ ಪ್ರತಿಯೊಂದು ಅಕ್ಷರವೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ನಲವತ್ತು ದಾಟಿದವರಿಗೆ ಕಣ್ಣಿನ ಮಸೂರ ತನ್ನ ಬಾಗುವ ಗುಣವನ್ನು ಕ್ರಮೇಣ ಕಳೆದುಕೊಳ್ಳುವುದರಿಂದ ಹತ್ತಿರದ ಓದು ಕಷ್ಟವಾಗುತ್ತದೆ. ಇದನ್ನೇ ನಾವು ಚಾಳೀಸು ಎನ್ನುತ್ತೇವೆ. ನಮ್ಮ ಲಿಪಿಯ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಾದರೋ ಒತ್ತಕ್ಷರಗಳು ಸಾಲಿನ ಕೆಳಗೆ, ಮೂಲಾಕ್ಷರಕ್ಕಿಂತ ಕಿರಿದಾಗಿ ಕುಳಿತುಕೊಳ್ಳುತ್ತವೆ. ಇಂಗ್ಲಿಷ್ ಓದಲು ಸಾಕಾದ ಗಾತ್ರ ಕನ್ನಡಕ್ಕೆ ಸಾಲದು. ಔಷಧದ ಪ್ರಮಾಣವನ್ನು ತಿಳಿಸುವ ಸಂದೇಶದಲ್ಲಿ “ಅರ್ಧ ಮಾತ್ರೆ” ಎಂಬುದನ್ನು ಕಣ್ಣು ತಪ್ಪಿ ಓದಿದರೆ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು.

ಪರದೆಯ ಬಿಂದುಗಳ ಸಾಂದ್ರತೆ ಐಫೋನಿನಲ್ಲಿ ಇಂಚಿಗೆ 326, ರೆಡ್ಮಿಯಲ್ಲಿ 401. ಎರಡೂ ಒತ್ತಕ್ಷರಗಳನ್ನು ಸ್ಪಷ್ಟವಾಗಿ ತೋರಿಸಲು ಸಾಕು. ಆದ್ದರಿಂದ ಇಲ್ಲಿ ನಿರ್ಣಾಯಕವಾದುದು ಸಾಂದ್ರತೆಯಲ್ಲ, ಗಾತ್ರ. ಮೊಬೈಲಿನ ನೀಲಿ ಬೆಳಕು ಕಣ್ಣನ್ನೇ ಹಾಳುಮಾಡುತ್ತದೆಂಬ ಭಯಕ್ಕೆ ಆಧಾರ ದೊರೆತಿಲ್ಲ. ನಿದ್ರೆಗೆ ಮುನ್ನ ದೀರ್ಘಕಾಲ ಪರದೆ ನೋಡುವುದರಿಂದ ನಿದ್ರೆ ಕೆಡಬಹುದೆಂಬುದು ಮಾತ್ರ ನಿಜ. ಪ್ರತಿ 20 ನಿಮಿಷಕ್ಕೊಮ್ಮೆ 20 ಸೆಕೆಂಡುಗಳ ಕಾಲ 20 ಅಡಿ ದೂರದ ವಸ್ತುವನ್ನು ನೋಡುವ ಅಭ್ಯಾಸ ಕಣ್ಣಿಗೆ ವಿಶ್ರಾಂತಿಯನ್ನೀಯುತ್ತದೆ.

ಕನ್ನಡದ ಅನುಕೂಲ

ಐಫೋನಿನಲ್ಲಿ ಕನ್ನಡ ಕೀಲಿಮಣೆ 2017ರಲ್ಲಿ ಐಓಎಸ್ 11ರೊಂದಿಗೆ ಬಂದಿತು. ಎಸ್‌ಇಯಲ್ಲಿ ಕನ್ನಡವನ್ನು ಬರೆಯಲೂ ಓದಲೂ ಅಡ್ಡಿಯಿಲ್ಲ. ಆದರೆ ಅದರ ಆದೇಶಪಟ್ಟಿಗಳನ್ನು ಕನ್ನಡಕ್ಕೆ ತಿರುಗಿಸಲಾಗದು. ರೆಡ್ಮಿಯಲ್ಲಿ ಇಡೀ ಯಂತ್ರವನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ಇಂಗ್ಲಿಷ್ ಬಾರದ ತಾಯಿಗೆ ಇದು ಸಣ್ಣ ಮಾತಲ್ಲ. ಏನೋ ಒಂದು ಎಚ್ಚರಿಕೆಯ ಸೂಚನೆ ತೆರೆಯ ಮೇಲೆ ಬಂದಾಗ ನೆರೆಮನೆಯವರನ್ನು ಕರೆಯದೆ ತಾನೇ ಓದಿಕೊಳ್ಳಬಲ್ಲಳು.

ಕಿವಿ ಮತ್ತು ಕೈ

ಶ್ರವಣ ಸಾಧನವನ್ನು ಬಳಸುವವರಿದ್ದರೆ ಲೆಕ್ಕ ಬದಲಾಗುತ್ತದೆ. ಐಫೋನಿಗೆಂದೇ ತಯಾರಾದ ಶ್ರವಣ ಸಾಧನಗಳು ಎಸ್‌ಇಯೊಡನೆ ನೇರವಾಗಿ ಹೊಂದಿಕೊಂಡು, ಕರೆಯ ಧ್ವನಿಯನ್ನು ನೆಟ್ಟಗೆ ಕಿವಿಗೆ ತಲುಪಿಸುತ್ತವೆ. ರೆಡ್ಮಿ ನೋಟ್ 4ರ ಕಾಲದ ಆಂಡ್ರಾಯ್ಡಿನಲ್ಲಿ ಈ ವ್ಯವಸ್ಥೆ ಇನ್ನೂ ಬಂದಿರಲಿಲ್ಲ. ಎರಡರಲ್ಲಿಯೂ 3.5 ಮಿಲಿಮೀಟರಿನ ಇಯರ್‌ಫೋನ್ ರಂಧ್ರ ಇದೆ. ತಂತಿಯ ಸಾಧನ ವೃದ್ಧರಿಗೆ ಹೆಚ್ಚು ನಂಬಿಕೆಯದು. ಧ್ವನಿಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬುದನ್ನು ಭಜನೆ ಕೇಳುವವರೂ ನೆನಪಿಡಬೇಕು.

ತೂಕದಲ್ಲಿ ಐಫೋನ್ ಎಸ್‌ಇ ಕೇವಲ 113 ಗ್ರಾಂ. ರೆಡ್ಮಿ ಅದಕ್ಕಿಂತ 50 ಗ್ರಾಂಗೂ ಹೆಚ್ಚು ಭಾರ. ಸಂಧಿವಾತದಿಂದ ಬೆರಳು ಬಾಗಿದವರಿಗೆ, ಕೈ ನಡುಗುವವರಿಗೆ ಈ ವ್ಯತ್ಯಾಸ ಅನುಭವಕ್ಕೆ ಬರುತ್ತದೆ. ಆದರೆ ಪರದೆ ಕಿರಿದಾದಷ್ಟೂ ಒತ್ತುವ ಗುಂಡಿಗಳೂ ಕಿರಿದಾಗುತ್ತವೆ. ನಡುಗುವ ಬೆರಳು ತಪ್ಪು ಜಾಗದಲ್ಲಿ ಬೀಳುತ್ತದೆ. ಹಗುರವೋ ವಿಶಾಲವೋ ಎಂಬುದನ್ನು ಬಳಸುವವರ ಕೈಯೇ ತೀರ್ಮಾನಿಸಬೇಕು.

ವಿಕಿರಣದ ಭಯ

ಮೊಬೈಲೆಂದೊಡನೆ ಎಲ್ಲರೂ ಕೇಳುವ ಪ್ರಶ್ನೆ ವಿಕಿರಣದ್ದು. ಮೊಬೈಲಿನ ರೇಡಿಯೋ ತರಂಗಗಳ ಶಕ್ತಿಯನ್ನು ದೇಹ ಎಷ್ಟು ಹೀರಿಕೊಳ್ಳುತ್ತದೆ ಎಂಬುದರ ಅಳತೆಗೆ ‘ಸಾರ್’ ಎಂಬ ಹೆಸರಿದೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವಾಟ್ ಎಂಬ ಮಿತಿ ಜಾರಿಯಲ್ಲಿದೆ. ನಮ್ಮ ಎರಡು ಮಾದರಿಗಳೂ ಅದಾದ ಮೇಲೆ ಬಂದವು. ಕರೆ ಮಾಡುವ ಜಾಗದಲ್ಲಿ *#07# ಎಂದು ಒತ್ತಿದರೆ ಈ ಮಾಹಿತಿಗೆ ದಾರಿ ದೊರೆಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ಪಟ್ಟಿಯಲ್ಲಿ ಕೊಟ್ಟಿರುವ ಅಂಕಿ ಪ್ರಯೋಗಾಲಯದಲ್ಲಿ ಯಂತ್ರ ಪೂರ್ಣಶಕ್ತಿಯಿಂದ ಪ್ರಸಾರ ಮಾಡಿದಾಗಿನ ಗರಿಷ್ಠ ಬೆಲೆ. ನಿತ್ಯದ ಬಳಕೆಯಲ್ಲಿ ಗೋಪುರದ ಸಂಕೇತ ಚೆನ್ನಾಗಿದ್ದರೆ ಮೊಬೈಲು ಅತ್ಯಲ್ಪ ಶಕ್ತಿಯಿಂದ ಕೆಲಸ ಮಾಡುತ್ತದೆ. ಸಂಕೇತ ಕ್ಷೀಣವಾದಾಗ ಶಕ್ತಿ ಏರುತ್ತದೆ. ಆದಕಾರಣ ಒಂದರದು 1.1, ಇನ್ನೊಂದರದು 0.9 ಎಂದು ಹೋಲಿಸಿ ಆರಿಸುವುದು ನಿರರ್ಥಕ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದವು’ ಎಂಬ ವರ್ಗಕ್ಕೆ ಸೇರಿಸಿತು. 2024ರಲ್ಲಿ ಪ್ರಕಟವಾದ, ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ವಿಸ್ತೃತ ಪರಾಮರ್ಶೆಯಲ್ಲಿ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ.

ಪೇಸ್‌ಮೇಕರ್ ಅಳವಡಿಸಿಕೊಂಡವರು ಮಾತ್ರ ಮೊಬೈಲನ್ನು ಆ ಸಾಧನದಿಂದ ಕನಿಷ್ಠ 6 ಇಂಚು ದೂರವಿರಿಸಬೇಕು. ಅಂಗಿಯ ಎದೆಯ ಜೇಬು ಅವರ ಮೊಬೈಲಿಗೆ ತಕ್ಕ ಸ್ಥಳವಲ್ಲ. ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಗೆ ಹಿಡಿದು ಮಾತನಾಡುವುದು ಲೇಸು.

ಬ್ಯಾಟರಿ: ಹಳೆಯ ಮೊಬೈಲಿನ ಪ್ರಾಣ

ಐಫೋನ್ ಎಸ್‌ಇಯ ಬ್ಯಾಟರಿ 1624 ಮಿಲಿಆಂಪಿಯರ್-ಅವರ್, ರೆಡ್ಮಿಯದು 4100. ಎಂದರೆ ಎರಡೂವರೆ ಪಟ್ಟು. ಐಫೋನಿನ ಪರದೆ ಕಿರಿದಾದುದರಿಂದ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ ಎಂಬುದು ನಿಜವಾದರೂ, ಈ ಅಂತರವನ್ನು ಅದು ತುಂಬಿಕೊಡಲಾರದು. ಚಾರ್ಜ್ ಮಾಡಲು ಮರೆಯುವ ಹಿರಿಯರಿಗೆ, ವಿದ್ಯುತ್ತು ಕೈಕೊಡುವ ಊರಿಗೆ, ರೆಡ್ಮಿಯೇ ಮೇಲು.

ಆದರೆ ಇವೆಲ್ಲ ಹೊಸ ಬ್ಯಾಟರಿಯ ಮಾತು. ಲಿಥಿಯಂ-ಅಯಾನ್ ಬ್ಯಾಟರಿಗೂ ಮನುಷ್ಯನಂತೆಯೇ ಮುಪ್ಪಿದೆ. ಆಪಲ್ ಸಂಸ್ಥೆಯ ಪ್ರಕಾರವೇ ಆ ಕಾಲದ ಐಫೋನುಗಳ ಬ್ಯಾಟರಿ 500 ಪೂರ್ಣ ಚಾರ್ಜುಗಳ ತರುವಾಯ ಮೂಲ ಸಾಮರ್ಥ್ಯದ ಶೇಕಡ 80ರಷ್ಟನ್ನು ಮಾತ್ರ ಉಳಿಸಿಕೊಳ್ಳುವಂತೆ ರೂಪುಗೊಂಡದ್ದು. ಎಸ್‌ಇಯಲ್ಲಿ ಬ್ಯಾಟರಿಯ ಸ್ಥಿತಿಯನ್ನು ಶೇಕಡಾವಾರು ತೋರಿಸುವ ಸೌಲಭ್ಯವಿದೆ. ಹಸ್ತಾಂತರಿಸುವ ಮುನ್ನ ಅದನ್ನು ನೋಡುವುದು ಅವಶ್ಯ. ಪರದೆ ಅಥವಾ ಹಿಂಬದಿ ಉಬ್ಬಿದ್ದರೆ ಒಳಗೆ ಅನಿಲ ಸೇರಿದೆ ಎಂದೇ ಅರ್ಥ. ಅಂಥ ಮೊಬೈಲನ್ನು ಚಾರ್ಜಿಗೆ ಹಾಕಕೂಡದು, ಒತ್ತಕೂಡದು, ಚುಚ್ಚಕೂಡದು. ಬೆಂಕಿ ಹತ್ತುವ ಸಂಭವವಿದೆ. ಹೊಸ ಬ್ಯಾಟರಿ, ಚಾರ್ಜರುಗಳ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು ಇದೆಯೇ ಎಂದು ಪರೀಕ್ಷಿಸಿರಿ. ರಾತ್ರಿ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವ ರೂಢಿಯನ್ನು ಹಿರಿಯರಿಂದ ಬಿಡಿಸಿರಿ.

ತುರ್ತಿನ ಕರೆ ಮತ್ತು ವೈದ್ಯರ ಭೇಟಿ

ಎರಡೂ ಯಂತ್ರಗಳು 4ಜಿ ಜಾಲದಲ್ಲಿಯೇ ಧ್ವನಿಕರೆ ಮಾಡಬಲ್ಲವು. 5ಜಿ ಎರಡರಲ್ಲಿಯೂ ಇಲ್ಲ. ಎಸ್‌ಇಗೆ ಒಂದೇ ಸಿಮ್, ರೆಡ್ಮಿಗೆ ಎರಡು. ಊರಿನಲ್ಲಿ ಒಂದು ಕಂಪೆನಿಯ ಸಂಕೇತ ಹೋದರೆ ಇನ್ನೊಂದು ಆಧಾರವಾಗುವುದರಿಂದ ಇದು ನಿಜವಾದ ಸುರಕ್ಷತೆಯೇ ಸರಿ.

ದೇಶಾದ್ಯಂತ ತುರ್ತು ಸಂಖ್ಯೆ 112. ಆಂಬುಲೆನ್ಸಿಗೆ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲಿಯೂ 108. ಭಾರತದಲ್ಲಿ ಎಸ್‌ಇಯ ವಿದ್ಯುತ್ ಗುಂಡಿಯನ್ನು ಮೂರು ಬಾರಿ ಬೇಗಬೇಗನೆ ಒತ್ತಿದರೆ ತುರ್ತು ಕರೆಯ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಬೀಗ ಹಾಕಿದ ಪರದೆಯ ಮೇಲೂ ರಕ್ತದ ಗುಂಪು, ಅಲರ್ಜಿ, ಸೇವಿಸುವ ಔಷಧಗಳನ್ನು ತೋರಿಸುವ ಏರ್ಪಾಡು ಅದರ ಆರೋಗ್ಯ ವಿಭಾಗದಲ್ಲಿದೆ. ರೆಡ್ಮಿಯನ್ನು ಕೊಡುವವರು 112, 108 ಮತ್ತು ಮಕ್ಕಳ ಸಂಖ್ಯೆಗಳನ್ನು ಮೊದಲ ಪುಟದಲ್ಲಿಯೇ ದೊಡ್ಡದಾಗಿ ಇಟ್ಟುಕೊಡಬೇಕು. ಯಾವುದೇ ಮೊಬೈಲಾದರೂ ಅದರ ಹೊದಿಕೆಯೊಳಗೆ ಅವೇ ವಿವರಗಳ ಒಂದು ಚೀಟಿಯನ್ನು ಇಡುವುದು ಅತ್ಯುತ್ತಮ. ಚೀಟಿಗೆ ಚಾರ್ಜು ಬೇಕಿಲ್ಲ.

2020ರ ಮಾರ್ಚಿಯಲ್ಲಿ ದೂರವೈದ್ಯಕೀಯಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಂದಿನಿಂದ ವಿಡಿಯೋ ಮೂಲಕ ವೈದ್ಯರನ್ನು ಕಾಣುವುದು ರೂಢಿಯಾಗಿದೆ. ಸರ್ಕಾರದ ಇ-ಸಂಜೀವನಿಯೂ ಇದೆ. ಇದಕ್ಕೆ ಬೇಕಾದುದು ಮುಂಬದಿಯ ಕ್ಯಾಮರಾ. ಎಸ್‌ಇಯಲ್ಲಿ ಅದು 1.2 ಮೆಗಾಪಿಕ್ಸೆಲ್, ರೆಡ್ಮಿಯಲ್ಲಿ 5. ಗಾಯದ ಚಿತ್ರ ಅಥವಾ ಔಷಧಚೀಟಿಯನ್ನು ಕಳುಹಿಸಲು ಬೇಕಾದ ಹಿಂಬದಿಯ ಕ್ಯಾಮರಾದಲ್ಲಿ ಎಸ್‌ಇಯ 12, ರೆಡ್ಮಿಯ 13 ಎರಡೂ ಸಾಕು. ಇನ್ನು, ಬೆರಳನ್ನು ಕ್ಯಾಮರಾದ ಮೇಲಿಟ್ಟರೆ ರಕ್ತದ ಆಮ್ಲಜನಕವನ್ನೋ ಒತ್ತಡವನ್ನೋ ಹೇಳುತ್ತೇವೆನ್ನುವ ಆ್ಯಪ್‌ಗಳನ್ನು ನಂಬಬೇಡಿರಿ. ಇವೆರಡರಲ್ಲಿಯೂ ಅಂಥ ವೈದ್ಯಕೀಯ ಮಾಪಕಗಳಿಲ್ಲ.

ಮುಪ್ಪಾದ ತಂತ್ರಾಂಶ

ಪ್ರೊಸೆಸರಿನಲ್ಲಿ ಎಸ್‌ಇಗೆ ಎ9 ಎಂಬ ಎರಡು ಕೋರುಗಳದು. ರೆಡ್ಮಿಗೆ ಸ್ನ್ಯಾಪ್‌ಡ್ರ್ಯಾಗನ್ 625 ಎಂಬ ಎಂಟು ಕೋರುಗಳದು. ಎಂಟು ಎರಡಕ್ಕಿಂತ ದೊಡ್ಡದೆಂದು ಬಗೆಯಬಾರದು. ಎಂಟು ಎತ್ತುಗಳಿಗಿಂತ ಬಲಶಾಲಿಯಾದ ಎರಡು ಎತ್ತುಗಳು ಬೇಗ ಉಳಬಹುದು. ಒಂದೊಂದು ಕೋರಿನ ಬಲದಲ್ಲಿ ಎ9 ಮುಂದಿದೆ. ವೃದ್ಧರ ಬಳಕೆಗೆ ಎರಡೂ ಸಾಕು.

ಗಂಭೀರವಾದ ಕೊರತೆ ಬೇರೆಡೆ ಇದೆ. ಎಸ್‌ಇ ಐಓಎಸ್ 15ರಲ್ಲಿ ನಿಂತಿತು; ರೆಡ್ಮಿ ಆಂಡ್ರಾಯ್ಡ್ 7ರಲ್ಲಿ. ಇಂಥ ತಂತ್ರಾಂಶದ ಬಿರುಕುಗಳ ಮೂಲಕ ವಂಚಕರು ಒಳನುಗ್ಗಬಹುದು; ಹೊಸ ಆ್ಯಪ್‌ಗಳು ಕ್ರಮೇಣ ಇವುಗಳಲ್ಲಿ ಕೆಲಸ ನಿಲ್ಲಿಸುತ್ತವೆ. ರೆಡ್ಮಿಯ ಸ್ಥಿತಿ ಹೆಚ್ಚು ಹಿಂದೆ. ಆದ್ದರಿಂದ ಜೀವಮಾನದ ಉಳಿತಾಯವಿರುವ ಬ್ಯಾಂಕಿನ ಖಾತೆಯನ್ನಾಗಲಿ ಯುಪಿಐಯನ್ನಾಗಲಿ ಇವುಗಳಲ್ಲಿ ಜೋಡಿಸಲೇಬಾರದು. ಹಣ ಕಳೆದುಕೊಂಡ ವೃದ್ಧರ ರಕ್ತದೊತ್ತಡ ಯಾವ ಮಾತ್ರೆಗೂ ಬಗ್ಗದು.

ತೀರ್ಮಾನ

1. ಕಣ್ಣು ಮಂದವಾದ, ಕನ್ನಡ ಮಾತ್ರ ಬಲ್ಲ, ಒಂಟಿಯಾಗಿರುವ ಹಿರಿಯರಿಗೆ ರೆಡ್ಮಿ ನೋಟ್ 4 ಹೆಚ್ಚು ಸೂಕ್ತ.
2. ಶ್ರವಣ ಸಾಧನ ಬಳಸುವ, ಇಂಗ್ಲಿಷ್ ಬಲ್ಲ, ಕೈಯಲ್ಲಿ ಕಸುವಿಲ್ಲದವರಿಗೆ ಐಫೋನ್ ಎಸ್‌ಇ ಒಗ್ಗುತ್ತದೆ.
3. ಯಾವುದನ್ನೇ ಕೊಟ್ಟರೂ ಬ್ಯಾಟರಿಯನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಬದಲಾಯಿಸಿಯೇ ಕೊಡಿರಿ.
4. ಹಣದ ವ್ಯವಹಾರಕ್ಕೆ ಎರಡೂ ಬೇಡ. ಅದು ಅನಿವಾರ್ಯವಾದರೆ ಸಾಧಾರಣ ಬೆಲೆಯ ಹೊಸ ಮೊಬೈಲನ್ನೇ ಕೊಳ್ಳಿರಿ.
5. ಕೆಟ್ಟುಹೋದುದನ್ನು ಕಸದ ಬುಟ್ಟಿಗೆ ಎಸೆಯದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿರಿ.

ಅಂಕಿಅಂಶಗಳ ಪಟ್ಟಿ ಯಂತ್ರದ ಯೋಗ್ಯತೆಯನ್ನು ಹೇಳುತ್ತದೆಯೇ ಹೊರತು ಬಳಸುವವರ ಅಗತ್ಯವನ್ನು ಹೇಳದು. ಅದನ್ನು ಅರಿಯಬೇಕಾದವರು ಮಕ್ಕಳು. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಹಳೆಯ ಮೊಬೈಲನ್ನು ಒಯ್ಯುವವರು, ಅದನ್ನು ಕೈಗಿತ್ತು ಮರುದಿನವೇ ಪುಣೆಯ ಬಸ್ಸು ಹತ್ತದೆ, ಎರಡು ದಿನ ಜೊತೆಯಲ್ಲಿ ಕುಳಿತು, ಕರೆ ಮಾಡುವುದನ್ನೂ ಕರೆ ಸ್ವೀಕರಿಸುವುದನ್ನೂ ಹಿರಿಯರ ಕೈಯಿಂದಲೇ ಹತ್ತು ಬಾರಿ ಮಾಡಿಸಲಿ. ಯಾವ ಪಟ್ಟಿಯಲ್ಲಿಯೂ ನಮೂದಾಗದ ಆ ತಾಳ್ಮೆಯೇ ಆಪತ್ತಿನ ರಾತ್ರಿಯಲ್ಲಿ ಅವರ ನೆರವಿಗೆ ಬರುತ್ತದೆ.