ದೊಡ್ಡ ಕಾರ್ಖಾನೆಯ ದಾರಿ ಕಾಯುತ್ತಿರುವ ದಾವಣಗೆರೆ

ದಾವಣಗೆರೆಯಲ್ಲಿ ಕೈಗಾರಿಕೆಯ ಮಾತೆತ್ತಿದರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹಳೆಯ ಬಿರುದು ನೆನಪಾಗುತ್ತದೆ, ಅದರ ಬೆನ್ನಿಗೇ ‘ಒಂದಾದರೂ ದೊಡ್ಡ ಕಾರ್ಖಾನೆ ಬರಲಿ’ ಎಂಬ ಬೇಡಿಕೆ. ಬೇಡಿಕೆಯ ಹಿಂದಿನ ಸಂಕಟ ನಿಜವಾದದ್ದು. ಹತ್ತಿಗಿರಣಿಗಳ ಸೈರನ್ ನಿಂತು ದಶಕಗಳೇ ಕಳೆದವು. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳನ್ನು ಕಟ್ಟಿಕೊಂಡ ಊರು ಮಕ್ಕಳನ್ನು ಓದಿಸಿ ಬೆಂಗಳೂರಿನ ಬಸ್ಸು ಹತ್ತಿಸುತ್ತಿದೆ. ಆದರೂ ಒಂದು ಕಾರ್ಖಾನೆಗೆ ಊರಿನ ಭವಿಷ್ಯವನ್ನೆಲ್ಲ ಗಂಟು ಹಾಕುವುದು ಸರಿಯಲ್ಲ. ಪಕ್ಕದ ಹರಿಹರವನ್ನೇ ನೋಡಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆ ಲೇತ್ ಯಂತ್ರ ಮಾಡಿಕೊಟ್ಟಿತು. ಅದು ಬಾಗಿಲು ಹಾಕಿದಾಗ ಸಂಬಳ ನಂಬಿದ್ದ ಮನೆಗಳ ಜೊತೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಬಾಡಿಗೆ ಮನೆ, ಶಾಲೆಯ ಫೀಸು ಎಲ್ಲಕ್ಕೂ ಪೆಟ್ಟು ಬಿತ್ತು.

ರಿಯಾಯಿತಿ ಕೊಟ್ಟರೆ ಕಂಪನಿಗಳು ಬಂದೇ ಬರುತ್ತವೆ ಎನ್ನುವವರಿದ್ದಾರೆ. ಬೆಂಗಳೂರಿನಾಚೆಗೆ ಹೂಡಿಕೆ ಮಾಡುವವರಿಗೆ ರಾಜ್ಯದ ಕೈಗಾರಿಕಾ ನೀತಿ ಹೆಚ್ಚಿನ ಸವಲತ್ತು ಕೊಡುತ್ತದೆ, ಸರಿ. ಆದರೆ ಆ ಸವಲತ್ತು ದಾವಣಗೆರೆಗೊಂದೇ ಅಲ್ಲವಲ್ಲ! ದಾವಣಗೆರೆಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ರಾಜಧಾನಿಯ ಮಗ್ಗುಲಲ್ಲಿ ತುಮಕೂರಿದೆ, ಉತ್ತರಕ್ಕೆ ಹುಬ್ಬಳ್ಳಿ–ಧಾರವಾಡವಿದೆ. ಎರಡೂ ಕೈಗಾರಿಕಾ ಕಾರಿಡಾರ್‌ಗಳ ನಕ್ಷೆಯಲ್ಲಿವೆ. ನಡುವಿನ ಊರು ತೆರಿಗೆ ಬಿಟ್ಟುಕೊಟ್ಟು ಅವರ ಜೊತೆ ಪೈಪೋಟಿಗಿಳಿದರೆ ಸೋಲುವುದೇ ಹೆಚ್ಚು. ಗೆದ್ದರೂ ರಸ್ತೆ, ಒಳಚರಂಡಿಗೆ ಖರ್ಚು ಮಾಡಬೇಕಾದ ಹಣ ಕೈಬಿಟ್ಟಿರುತ್ತದೆ.

ಬೇರೆ ಊರಿಗೆ ಸುಲಭಕ್ಕೆ ಸಿಗದ್ದು ಇಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಭದ್ರಾ ನಾಲೆಯ ಭತ್ತವಿದೆ, ಮಳೆಯಾಶ್ರಿತ ಹೊಲಗಳ ಮೆಕ್ಕೆಜೋಳವಿದೆ. ಸುಗ್ಗಿಯಲ್ಲಿ ರೈತರು ರಸ್ತೆಯಂಚಿಗೇ ಜೋಳ ಹರವಿ, ಮೋಡ ಕಂಡರೆ ತಾಡಪಾಲು ಹಿಡಿದು ಓಡುತ್ತಾರೆ. ತೇವಾಂಶ ಹೆಚ್ಚಿದ್ದರೆ ಮಾರುಕಟ್ಟೆಯಲ್ಲಿ ದರ ಕಡಿತ. ಹೋಬಳಿಗೊಂದು ಒಣಗಿಸುವ ಯಂತ್ರ, ಗೋದಾಮು ಇದ್ದರೆ ಆ ನಷ್ಟ ತಗ್ಗುತ್ತದೆ. ವರ್ಷವಿಡೀ ಒಣ ಕಾಳು ಸಿಗುವ ಕಡೆ ಪಿಷ್ಟದ, ಕೋಳಿ ಆಹಾರದ ಘಟಕಗಳೂ ನೆಲೆಯೂರುತ್ತವೆ. ಮಂಡಕ್ಕಿ ಭಟ್ಟಿಗಳದ್ದೂ ಇದೇ ಕಥೆ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಕ್ಷಣಕ್ಕೆ ಬೇಕಾದ ಹದ ಅಲ್ಲಿನವರ ಕೈಯಲ್ಲಿದೆ. ಹೊಗೆ ಮಾತ್ರ ಅವರ ಎದೆಯಲ್ಲಿ ಉಳಿಯುತ್ತದೆ. ಹೊಗೆಯಿಲ್ಲದ ಒಲೆಗೆ, ಪ್ಯಾಕಿಂಗಿಗೆ ಕಡಿಮೆ ಬಡ್ಡಿಯ ಸಾಲ ಕೊಡುವುದೂ ಕೈಗಾರಿಕೆ ಬೆಳೆಸುವ ಕೆಲಸವೇ.

ಸಣ್ಣ ಘಟಕಗಳಲ್ಲಿ ಸಂಬಳ ಕಡಿಮೆ, ಪಿಎಫ್–ಇಎಸ್‌ಐ ಇರುವುದಿಲ್ಲ, ಓದಿದ ಹುಡುಗರು ಅಲ್ಲಿಗೆ ಯಾಕೆ ಹೋಗುತ್ತಾರೆ ಎಂಬ ಆಕ್ಷೇಪ ತೂಕದ್ದು. ಅದನ್ನು ತಳ್ಳಿಹಾಕಲಾರೆ. ಆದ್ದರಿಂದಲೇ ಸರ್ಕಾರದ ನೆರವು ಪಡೆದ ಘಟಕ ಕಾರ್ಮಿಕರಿಗೆ ಈ ಸೌಲಭ್ಯ ಕೊಡಲೇಬೇಕೆಂಬ ಷರತ್ತಿರಲಿ. ದೊಡ್ಡ ಕಾರ್ಖಾನೆ ಬೇಡವೆಂದೂ ಅಲ್ಲ. ಬಿಡಿಭಾಗ ಕಡೆದುಕೊಡುವ ಲೇತ್ ಅಂಗಡಿ, ಕೆಟ್ಟ ಮೋಟಾರು ಅದೇ ದಿನ ರಿಪೇರಿ ಮಾಡುವವರು, ಕಡಿತವಿಲ್ಲದ ಕರೆಂಟು ಇರುವ ಊರನ್ನು ಅದೂ ಹುಡುಕುತ್ತದೆ. ಹೂಡಿಕೆದಾರರ ಸಮಾವೇಶಕ್ಕೆ ಹೋಗುವ ನಿಯೋಗ ಎಷ್ಟು ಎಕರೆ ಕೊಡುತ್ತೇವೆ ಎಂಬ ಲೆಕ್ಕದ ಜೊತೆ ಇವುಗಳ ಪಟ್ಟಿಯನ್ನೂ ಹಿಡಿದು ಹೋಗಲಿ.